ಗಾಜಿನ ಕಡಲಿನಲ್ಲಿ ಪಾಚಿ



ಕೃಷ್ಣರಾಜಪೇಟೆಯಿಂದ ಚಂದಾದಾರರಾದ ಗೃಹಿಣಿಯೊಬ್ಬರು ಬರೆದ ಕಾಗದವು ಈ ತಿಂಗಳು ನನ್ನ ಮೇಜಿನ ಮೇಲಿದೆ. ಅದರ ಸಾರಾಂಶವಿಷ್ಟು: “ನನ್ನ ಮಗನು ಹಠಹಿಡಿದು ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿಯೊಂದನ್ನು ಇರಿಸಿದ್ದಾನೆ. ಮೂರು ವಾರ ತುಂಬುವಷ್ಟರಲ್ಲಿ ಬಿಳಿಯ ಮರಳಿನ ಮೇಲೆಲ್ಲ ಕಾಫಿಪುಡಿ ಚೆಲ್ಲಿದಂತೆ ಕಂದು ಪಾಚಿ ಹರಡಿತು. ಒರೆಸಿದರೆ ಹೋಗುತ್ತದೆ, ಮಾರನೆಯ ದಿನವೇ ಮತ್ತೆ ಬರುತ್ತದೆ. ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ತಿಕ್ಕಿ ತೊಳೆದು, ಮೊದಲಿನಿಂದ ಆರಂಭಿಸಬಹುದೇ? ಇಲ್ಲವೇ ಪಾಚಿಯನ್ನು ಕೊಲ್ಲುವ ಔಷಧವೇನಾದರೂ ಉಂಟೇ?”

ಮಹನೀಯಳೇ, ದಯವಿಟ್ಟು ಈ ಲೇಖನವನ್ನು ಓದಿ ಮುಗಿಸುವವರೆಗೆ ಆ ಕಲ್ಲುಗಳನ್ನು ಮುಟ್ಟಬೇಡಿ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇದೇ ಪ್ರಶ್ನೆಯನ್ನು ಕಳೆದ ವರ್ಷ ನನ್ನ ಮಗಳ ಮಗನು ನನಗೆ ಕೇಳಿದ್ದನು. ನಾನು ತಿಳಿಯದೆಯೇ ತಿಳಿದವನಂತೆ ಉತ್ತರ ಕೊಟ್ಟೆನು. ಆ ಉತ್ತರದಿಂದ ಒಂದು ಜೀವ ಹೋಯಿತು. ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಪಾಠ ಹೇಳಿದವನು ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವುದು ಸುಲಭವಲ್ಲ. ಆದರೂ ನಾನು ಮಾಡಿದ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಈ ತೊಟ್ಟಿಯೆಂದರೇನು ಎಂಬುದನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಕೆರೆಯ ಮೀನು ಸಿಹಿನೀರಿನದು. ಕಡಲ ಮೀನಿಗೆ ಕಡಲ ನೀರೇ ಬೇಕು. ನಮ್ಮ ಶ್ರೀರಂಗಪಟ್ಟಣದಿಂದ ಮಂಗಳೂರಿನ ಕಡಲತೀರವು ಸುಮಾರು 250 ಕಿಲೋಮೀಟರ್ ದೂರ. ಅಲ್ಲಿಂದ ನೀರು ಹೊತ್ತು ತರುವುದು ಆಗದ ಮಾತು. ಆದುದರಿಂದ ಸಮುದ್ರದಲ್ಲಿರುವ ಲವಣಗಳನ್ನು ಅದೇ ಪ್ರಮಾಣದಲ್ಲಿ ಬೆರೆಸಿದ ಪುಡಿಯನ್ನು ಕೊಂಡು, ಶುದ್ಧಜಲದಲ್ಲಿ ಕರಗಿಸಿಕೊಳ್ಳುತ್ತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಎಂದರೆ ನೂರು ಲೀಟರಿನ ತೊಟ್ಟಿಗೆ ಸುಮಾರು ಮೂರೂವರೆ ಕಿಲೋಗ್ರಾಂ ಬೇಕು. ಅಡುಗೆಯ ಉಪ್ಪು ಇದಕ್ಕೆ ಸಲ್ಲದು. ಕಡಲಿನಲ್ಲಿ ಅದರ ಜೊತೆಗೆ ಮೆಗ್ನೀಸಿಯಂ, ಸುಣ್ಣದ ಅಂಶ, ಪೊಟಾಸಿಯಂ ಮೊದಲಾದುವು ಸೇರಿರುತ್ತವೆ. ಕಡಲ ಜೀವಿಗಳನ್ನು ಗಾಜಿನೊಳಗೆ ಬದುಕಿಸುವ ವಿದ್ಯೆ ಬಹಳ ಹಳೆಯದೇನೂ ಅಲ್ಲ. ಲಂಡನ್ ನಗರದ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಮತ್ಸ್ಯಾಲಯವು ತೆರೆದದ್ದು 1853ರಲ್ಲಿ. ಅದಕ್ಕೆ ಕಾರಣರಾದವರಲ್ಲಿ ಒಬ್ಬನಾದ ಫಿಲಿಪ್ ಹೆನ್ರಿ ಗಾಸ್ ಎಂಬಾತನು ಆ ವಿಷಯವಾಗಿ ಗ್ರಂಥವನ್ನು ಬರೆದದ್ದು 1854ರಲ್ಲಿ. ಅಂದು ವಿದ್ವಾಂಸರು ಮಾಡುತ್ತಿದ್ದ ಸಾಹಸವನ್ನು ಇಂದು ಪಾಂಡವಪುರದ ಶಾಲಾಬಾಲಕನು ತನ್ನ ಮನೆಯ ನಡುಮನೆಯಲ್ಲಿ ಮಾಡುತ್ತಾನೆ.

ನಮ್ಮ ಬಾಲಕನಿಗೆ ಹನ್ನೆರಡು ವರ್ಷ. ತೊಟ್ಟಿಯು ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ; ಒಂದಡಿ ನೀರು ನಿಂತರೆ ನೂರು ಲೀಟರಿಗೆ ತುಸು ಮೇಲೆ. ಮಾಘಮಾಸದಲ್ಲಿ ನೀರು ತುಂಬಿದನು. ಮೀನನ್ನು ಒಡನೆಯೇ ಬಿಡದೆ ಐದು ವಾರ ಕಾದನು. ಅಷ್ಟು ತಾಳ್ಮೆ ಅವನಿಗಿತ್ತು. ಮೂರನೆಯ ವಾರದಲ್ಲಿ ಕಂದು ಧೂಳು ಕಾಣಿಸಿಕೊಂಡಿತು. ಐದನೆಯ ವಾರ ಕಿತ್ತಳೆಬಣ್ಣದ ಮೈಗೆ ಬಿಳಿಯ ಪಟ್ಟಿಗಳಿರುವ ಎರಡು ಪುಟ್ಟ ಮೀನುಗಳು ಬಂದುವು. ಇವನ್ನು ಕೋಡಂಗಿ ಮೀನೆನ್ನುತ್ತಾರೆ. ಯುಗಾದಿ ಸಮೀಪಿಸಿತ್ತು. ನನ್ನ ಮಗಳು ದೂರವಾಣಿಯಲ್ಲಿ, “ಅಪ್ಪಾ, ಹಬ್ಬಕ್ಕೆ ನಾಲ್ಕು ಜನ ಬರುವ ಮನೆ. ನಡುಮನೆಯಲ್ಲಿ ಈ ಕೊಳಕು ತೊಟ್ಟಿ ಇಟ್ಟುಕೊಂಡು ಕೂರಲೇ? ನಿಮ್ಮ ಮೊಮ್ಮಗನಿಗೆ ನೀವೇ ಬುದ್ಧಿ ಹೇಳಿ” ಎಂದಳು. ನಾನು ಹುಡುಗನನ್ನು ಕರೆದು, “ಮಗು, ಕೊಳೆಯನ್ನು ಅರೆಬರೆ ಒರೆಸಿದರೆ ಅದು ಹೋದೀತೇ? ಕಲ್ಲನ್ನೂ ಮರಳನ್ನೂ ಹೊರಗೆ ತೆಗೆದು, ಕೊಳಾಯಿಯ ಕೆಳಗೆ ಹಿಡಿದು, ಪಾತ್ರೆ ಬೆಳಗಿದಂತೆ ಬೆಳಗಿಬಿಡು” ಎಂದೆನು. “ಆಗಲಿ ತಾತ” ಎಂದು ಅವನು ಹಾಗೆಯೇ ಮಾಡಿದನು.

ಮರುದಿನ ತೊಟ್ಟಿಯು ಸ್ಫಟಿಕದಂತಿತ್ತು. ಅದರ ಮರುದಿನ ಬೆಳಿಗ್ಗೆ ಎರಡು ಮೀನುಗಳೂ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದುವು. ಹುಡುಗನು ಪರೀಕ್ಷೆಯ ದ್ರಾವಣವನ್ನು ಹಾಕಿ ನೋಡಿದಾಗ, ಎರಡು ವಾರದಿಂದ ಇಲ್ಲವಾಗಿದ್ದ ಅಮೋನಿಯಾ ಮತ್ತೆ ಕಾಣಿಸಿತು. ಅರ್ಧದಷ್ಟು ನೀರನ್ನು ಬದಲಾಯಿಸಿದನು. ಸಂಜೆ ಮತ್ತೆ ಬದಲಾಯಿಸಿದನು. ಒಂದು ಮೀನು ಉಳಿಯಿತು, ಇನ್ನೊಂದು ಉಳಿಯಲಿಲ್ಲ. ನಾನು ಮೊದಲ ಬಸ್ಸಿಗೆ ಹೊರಟು ಹೋದಾಗ ಅವನು ತೊಟ್ಟಿಯ ಮುಂದೆ ಕುಳಿತಿದ್ದನು. “ನೀವು ಹೇಳಿದ್ದರಿಂದ ಹೀಗಾಯಿತು” ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಆದದ್ದೇನು? ಮೀನು ಉಸಿರಾಡುವಾಗಲೂ ವಿಸರ್ಜಿಸುವಾಗಲೂ ಅಮೋನಿಯಾ ನೀರಿಗೆ ಸೇರುತ್ತದೆ. ತಿನ್ನದೆ ಬಿಟ್ಟ ಆಹಾರವು ಕೊಳೆತಾಗಲೂ ಸೇರುತ್ತದೆ. ಅದು ಮೀನಿಗೆ ವಿಷ. ಕಲ್ಲು ಮತ್ತು ಮರಳಿನ ಮೇಲೆ ಕಣ್ಣಿಗೆ ಕಾಣದ ಒಂದು ಜಾತಿಯ ಬ್ಯಾಕ್ಟೀರಿಯಗಳು ನೆಲೆಸಿ ಈ ಅಮೋನಿಯಾವನ್ನು ನೈಟ್ರೈಟಾಗಿ ಮಾಡುತ್ತವೆ. ಬೇರೆ ಕೆಲವು ಅದನ್ನು ನೈಟ್ರೇಟಾಗಿ ಮಾಡುತ್ತವೆ. ನೈಟ್ರೈಟೂ ಕೇಡಿನದೇ, ನೈಟ್ರೇಟು ಅಷ್ಟು ಕೇಡಿನದಲ್ಲ. ಈ ಸಂಸಾರವು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಊರಿನ ಕೊಳಾಯಿಯ ನೀರಿಗೆ ರೋಗಾಣುಗಳನ್ನು ಕೊಲ್ಲಲೆಂದು ಕ್ಲೋರಿನ್ ಬೆರೆಸಿರುತ್ತಾರೆ. ಉಪಕಾರಿಯಾವುದು ಅಪಕಾರಿಯಾವುದು ಎಂಬುದನ್ನು ಅದು ವಿಚಾರಿಸುವುದಿಲ್ಲ. ಕೊಳೆಯೆಂದು ತಿಳಿದು ನಾವು ತೊಳೆದದ್ದು ಆ ಮನೆಯ ಜಾಡಮಾಲಿಗಳನ್ನೇ. ಕಂದು ಪಾಚಿಯಾದರೋ ಹತ್ತು ದಿನಗಳಲ್ಲಿ ಮೊದಲಿನಂತೆಯೇ ಬಂದು ಕುಳಿತಿತು!

ವೈದ್ಯಶಾಸ್ತ್ರದಲ್ಲಿ ಲಕ್ಷಣ, ನಿದಾನ, ಚಿಕಿತ್ಸೆ ಎಂಬ ಕ್ರಮವಿದೆ. ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೆ ಹಾರಿದ್ದೇ ನನ್ನ ಅಪರಾಧ. ಈಗ ಕ್ರಮವಾಗಿಯೇ ನೋಡೋಣ.

ಲಕ್ಷಣ.— ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಜಲನೀಲಿ, ಶೈವಾಲ, ಶೈವಲ ಎಂಬ ಪದಗಳನ್ನು ಒಂದೇ ವಸ್ತುವಿಗೆ ಹೇಳಿದ್ದಾನೆ. ನಮ್ಮ ಕನ್ನಡದಲ್ಲಿಯೂ ಪಾಚಿ, ಹಾವಸೆ ಎಂದರೆ ಎಲ್ಲವೂ ಸೇರಿಹೋಗುತ್ತದೆ. ಆದರೆ ತೊಟ್ಟಿಯಲ್ಲಿ ಬರುವುದು ಒಂದೇ ಬಗೆಯದಲ್ಲ. ಇವುಗಳಲ್ಲಿ ಮುಖ್ಯವಾದವು ನಾಲ್ಕು.

ಮೊದಲನೆಯದು ಡಯಾಟಂ. ಇದು ಕಂದುಬಣ್ಣದ ನಯವಾದ ಧೂಳಿನಂತೆ ಗಾಜು, ಮರಳು, ಕಲ್ಲು ಎಲ್ಲದರ ಮೇಲೂ ಹರಡುತ್ತದೆ. ಬೆರಳಿನಿಂದ ಒರೆಸಿದರೆ ಸಲೀಸಾಗಿ ಬಿಟ್ಟುಬರುತ್ತದೆ. ತೊಟ್ಟಿಯಿಟ್ಟ ಎರಡು ಮೂರು ವಾರಗಳಿಂದ ತೊಡಗಿ ಕೆಲವು ವಾರಗಳಿದ್ದು ತಾನಾಗಿ ಹೊರಟುಹೋಗುವುದೇ ಇದರ ಸ್ವಭಾವ. ಎರಡನೆಯದು ಹಸುರು ಪಾಚಿ. ಗಾಜಿನ ಮೇಲೆ ತೆಳುವಾದ ಹಸುರು ಪೊರೆಯಾಗಿಯೋ, ಕಲ್ಲಿನ ಮೇಲೆ ಕೂದಲಿನಂತಹ ಎಳೆಗಳಾಗಿಯೋ ಬೆಳೆಯುತ್ತದೆ. ಸಾಮಾನ್ಯವಾಗಿ ಡಯಾಟಂ ಹಿಂದೆಗೆಯುತ್ತಿರುವಾಗ ಇದು ಬರುತ್ತದೆ. ಮೂರನೆಯದು ಕೆಂಪು ಅಥವಾ ನೇರಳೆಬಣ್ಣದ ಲೋಳೆಯ ಹಾಸು. ಹಾಲಿನ ಕೆನೆಯಂತೆ ಹಾಳೆಹಾಳೆಯಾಗಿ ಎದ್ದುಬರುವುದೇ ಇದರ ಗುರುತು. ನೀರು ಚಲಿಸದ ಮೂಲೆಗಳಲ್ಲಿ ಇದು ಹೆಚ್ಚು. ನೋಡಿದರೆ ಪಾಚಿಯೆನ್ನಿಸಿದರೂ ಇದು ಪಾಚಿಯಲ್ಲ. ಸಯನೋಬ್ಯಾಕ್ಟೀರಿಯವೆಂಬ ಬೇರೊಂದು ಕುಲ. ನಾಲ್ಕನೆಯದು ಡೈನೊಫ್ಲಾಜೆಲೇಟ್. ಇದೂ ಕಂದುಬಣ್ಣದ್ದೇ, ಆದರೆ ಧೂಳಿನಂತಲ್ಲ, ಮೂಗಿನ ಸಿಂಬಳದಂತೆ ನೂಲುನೂಲಾಗಿ ಜೋತಾಡುತ್ತ ಒಳಗೆ ಗಾಳಿಗುಳ್ಳೆಗಳನ್ನು ಹಿಡಿದಿರುತ್ತದೆ. ಹಗಲು ದಟ್ಟವಾಗಿ, ದೀಪವಾರಿದ ಮೇಲೆ ರಾತ್ರಿ ಕಡಮೆಯಾಗುತ್ತದೆ. ಇದರಲ್ಲಿ ಕೆಲವು ಜಾತಿಗಳು ವಿಷಯುಕ್ತವಾಗಿದ್ದು, ತಿಂದ ಬಸವನಹುಳು ಸಾಯುತ್ತದೆ.

ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಬಣ್ಣ ಒಂದೇ ಆದುದರಿಂದ ಭ್ರಾಂತಿಯುಂಟಾಗುವುದು ಸಹಜ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕಂದು ಪದಾರ್ಥವನ್ನು ಸ್ವಲ್ಪ ನೀರಿನೊಡನೆ ಗಾಜಿನ ಶೀಶೆಯಲ್ಲಿ ಹಾಕಿ ಬಲವಾಗಿ ಕುಲುಕಿ, ಸೋಸುವ ಕಾಗದದ ಮೂಲಕ ಸೋಸಿ, ಸೋಸಿದ ನೀರನ್ನು ದೀಪದ ಬೆಳಕಿನಲ್ಲಿ ಒಂದು ಗಂಟೆ ಇಡಬೇಕು. ಆ ನೀರಿನಲ್ಲಿ ಮತ್ತೆ ನೂಲುಗಳು ಕೂಡಿಕೊಂಡರೆ ಅದು ಡೈನೊಫ್ಲಾಜೆಲೇಟ್ ಆಗಿರುವ ಸಂಭವ ಹೆಚ್ಚು. ಏನೂ ಕೂಡದಿದ್ದರೆ ಡಯಾಟಂ. ಕೃಷ್ಣರಾಜಪೇಟೆಯ ಸೋದರಿಯವರು ಕಾಫಿಪುಡಿಯ ಹೋಲಿಕೆ ಕೊಟ್ಟಿದ್ದಾರೆ, ಒರೆಸಿದರೆ ಹೋಗುತ್ತದೆಯೆಂದಿದ್ದಾರೆ, ಮೂರನೆಯ ವಾರವೆಂದಿದ್ದಾರೆ. ಇವೆಲ್ಲವೂ ಡಯಾಟಮಿನ ಲಕ್ಷಣಗಳೇ.

ನಿದಾನ.— ಡಯಾಟಮನ್ನು ಹೀನಾಯವಾಗಿ ಕಾಣುವುದು ತರವಲ್ಲ. ಅದರ ಒಂದೊಂದು ಕಣವೂ ಸಿಲಿಕದಿಂದ, ಎಂದರೆ ಗಾಜಿನ ಮೂಲದ್ರವ್ಯದಿಂದ, ತನ್ನ ಸುತ್ತ ಚಿಪ್ಪನ್ನು ಕಟ್ಟಿಕೊಳ್ಳುತ್ತದೆ. ಸೂರ್ಯನ ಬೆಳಕಿನಿಂದ ಆಹಾರವನ್ನು ಸಿದ್ಧಪಡಿಸುವ ಕಾರ್ಯವು ಈ ಭೂಮಿಯಲ್ಲಿ ಎಷ್ಟು ನಡೆಯುತ್ತದೆಯೋ ಅದರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಇವೇ ನಡೆಸುತ್ತವೆಯೆಂದು ವಿಜ್ಞಾನಿಗಳು ಎಣಿಕೆಹಾಕಿದ್ದಾರೆ. ಚಿಪ್ಪಿಗೆ ಬೇಕಾದ ಸಿಲಿಕವು ನೀರಿನಲ್ಲಿ ಕರಗಿರುವವರೆಗೆ ಅವು ಬೆಳೆಯುತ್ತವೆ, ಮುಗಿದೊಡನೆ ಕುಗ್ಗುತ್ತವೆ. ಹಾಗಾದರೆ ತಿಂಗಳು ಎರಡಾದರೂ ಪಾಂಡವಪುರದ ತೊಟ್ಟಿಯಲ್ಲಿ ಅವು ಕುಗ್ಗದಿದ್ದುದೇಕೆ? ಯಾರೋ ಸಿಲಿಕವನ್ನು ಸುರಿಯುತ್ತಲೇ ಇದ್ದಾರೆ ಎಂದಾಯಿತು. ಯಾರು?

ಇಲ್ಲಿ ನಮ್ಮ ನೆಲದ ಗುಣವನ್ನು ಗಮನಿಸಬೇಕು. ಈ ನಾಲ್ಕು ತಾಲ್ಲೂಕುಗಳ ಕೆಳಗಿರುವುದು ಕಗ್ಗಲ್ಲಿನ ಪುರಾತನ ಶಿಲೆ. ಮಳೆನೀರು ಇಂಗಿ, ಆ ಶಿಲೆಯ ಬಿರುಕುಗಳಲ್ಲಿ ಬಹುಕಾಲ ತಂಗಿ, ಕಲ್ಲನ್ನು ಮೆಲ್ಲಮೆಲ್ಲನೆ ಸವೆಸುವಾಗ ಸಿಲಿಕವೂ ಸುಣ್ಣದ ಅಂಶವೂ ಅದರಲ್ಲಿ ಕರಗುತ್ತವೆ. ನಾಗಮಂಗಲದ ಕಡೆ ಹೆಚ್ಚಾಗಿ ಕೊಳವೆಬಾವಿಯನ್ನೂ ಕೆರೆಯನ್ನೂ ನಂಬಿದವರಿಗೆ ಗಡಸುನೀರಿನ ಪರಿಚಯ ಹೇಳಬೇಕಾಗಿಲ್ಲ. ಬೇಳೆ ಬೇಯದಿರುವುದೂ ಹಂಡೆಯ ಒಳಗೆ ಬಿಳಿಯ ಹೊಪ್ಪಳೆ ಕಟ್ಟುವುದೂ ಅದರ ಸಾಕ್ಷಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಬ್ಬಿಗೂ ಬತ್ತಕ್ಕೂ ಹಾಕಿದ ಗೊಬ್ಬರದಲ್ಲಿ ಒಂದಂಶ ನೈಟ್ರೇಟಾಗಿ ಇಂಗಿ ಬಾವಿಗೆ ಸೇರುವುದುಂಟು. ನಮ್ಮ ಪಟ್ಟಣದಲ್ಲಿ ಬರುವ ಕಾವೇರಿಯ ನೀರು ಬಾವಿಯ ನೀರಿಗಿಂತ ಮೃದು. ಕೃಷ್ಣರಾಜಪೇಟೆಯವರಿಗೆ ಹೇಮಾವತಿಯ ನೀರು ದೊರೆತಲ್ಲಿ ಅದೂ ಹಾಗೆಯೇ. ಆದರೂ ಯಾವ ನದಿಯ ನೀರೂ ಸಿಲಿಕರಹಿತವಲ್ಲ. ಮನುಷ್ಯರಿಗೆ ಇದರಿಂದ ಬಾಧಕವಿಲ್ಲ. ಬಾಧಕವೆಲ್ಲ ಗಾಜಿನ ತೊಟ್ಟಿಗೆ ಮಾತ್ರ.

“ನಾನು ಬಾವಿನೀರು ಹಾಕಲೇ ಇಲ್ಲ ತಾತ, ಅಡುಗೆಮನೆಯ ಶುದ್ಧೀಕರಣ ಯಂತ್ರದ ನೀರನ್ನೇ ಹಾಕಿದೆ” ಎಂದು ಹುಡುಗನು ವಾದಿಸಿದನು. ಮಾತು ನಿಜ. ಆದರೆ ನೀರಿನಲ್ಲಿ ಕರಗಿದ ಪದಾರ್ಥವನ್ನು ಅಳೆಯುವ ಲೇಖನಿಯಂತಹ ಮಾಪಕವನ್ನು ಆ ನೀರಿನಲ್ಲಿ ಅದ್ದಿದಾಗ ಸೊನ್ನೆಯಿರಬೇಕಾದಲ್ಲಿ ಎಪ್ಪತ್ತು ತೋರಿಸಿತು. ಯಂತ್ರವನ್ನು ಬಿಚ್ಚಿ ನೋಡಿದ ಕೆಲಸಗಾರನು ಕಾರಣವನ್ನು ತೋರಿಸಿಕೊಟ್ಟನು. ಪೊರೆಯ ಮೂಲಕ ಸೋಸಿದ ನೀರು ಕುಡಿಯಲು ಸಪ್ಪೆಯಾಗುವುದೆಂದು, ಮನೆಬಳಕೆಯ ಅನೇಕ ಯಂತ್ರಗಳಲ್ಲಿ ಪುಟ್ಟ ತಿರುಪೊಂದನ್ನು ಇಟ್ಟಿರುತ್ತಾರೆ. ಪೊರೆಯನ್ನು ಹಾಯದ ಸ್ವಲ್ಪ ನೀರನ್ನು ಅದು ಸೋಸಿದ ನೀರಿನೊಡನೆ ಬೆರೆಸುತ್ತದೆ. ಬಾಯಿಗೆ ರುಚಿ ಕೊಡುವ ಆ ಏರ್ಪಾಡೇ ಡಯಾಟಮಿಗೆ ನಿತ್ಯಾನ್ನದಾನ ಮಾಡುತ್ತಿತ್ತು. ಸೆಕೆಗೆ ಆವಿಯಾದ ನೀರಿನ ಬದಲು ಹುಡುಗನು ದಿನವೂ ಒಂದು ತಂಬಿಗೆ ಹಾಕುತ್ತಿದ್ದನು. ನೀರು ಆವಿಯಾಗುತ್ತದೆ, ಸಿಲಿಕವು ಹಿಂದೆ ಉಳಿಯುತ್ತದೆ. ದಿನೇದಿನೇ ಅದು ಕೂಡುತ್ತಲೇ ಹೋಯಿತು.

ಚಿಕಿತ್ಸೆ.— ಆದುದರಿಂದ ಮೊದಲ ಚಿಕಿತ್ಸೆ ನೀರಿಗೆ. ಬೆರೆಸುವ ತಿರುಪಿಲ್ಲದ ಪೊರೆಯ ಯಂತ್ರದ ನೀರನ್ನು, ಅಯಾನುಗಳನ್ನು ಹಿಡಿಯುವ ರಾಳದ ಕೊಳವೆಯ ಮೂಲಕ ಮತ್ತೊಮ್ಮೆ ಹಾಯಿಸಿ, ಮಾಪಕವು ಸೊನ್ನೆ ತೋರಿಸಿದ ಮೇಲೆಯೇ ಉಪಯೋಗಿಸತಕ್ಕದ್ದು. ಪೊರೆಯೊಂದೇ ಸಿಲಿಕವನ್ನು ಪೂರ್ತಿ ತಡೆಯಲಾರದು, ರಾಳವೂ ಬೇಕು. ಮಾಪಕದ ಅಂಕವು ಏರತೊಡಗಿದರೆ ರಾಳವನ್ನು ಬದಲಾಯಿಸಬೇಕು. ಆವಿಯಾದಷ್ಟು ನೀರಿನ ಬದಲಿಗೆ ಈ ಸಿಹಿನೀರನ್ನೇ ಹಾಕಬೇಕೇ ಹೊರತು ಉಪ್ಪುನೀರನ್ನಲ್ಲ. ಉಪ್ಪು ಆವಿಯಾಗದೆ ತೊಟ್ಟಿಯಲ್ಲಿಯೇ ಉಳಿದಿರುತ್ತದೆ.

ಎರಡನೆಯದಾಗಿ, ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಾಯಿಸುವುದು. ಹೊಸ ನೀರಿಗೆ ಲವಣವನ್ನು ಹಿಂದಿನ ದಿನವೇ ಕರಗಿಸಿ, ತೊಟ್ಟಿಯಷ್ಟೇ ಉಪ್ಪು ಮತ್ತು ಉಷ್ಣ ಇರುವಂತೆ ನೋಡಿಕೊಳ್ಳಬೇಕು. ನೀರನ್ನು ತೆಗೆಯುವಾಗಲೇ ಸಣ್ಣ ಕೊಳವೆಯಿಂದ ಮರಳಿನ ಮೇಲಣ ಕಂದು ಧೂಳನ್ನೂ ಹೀರಿ ತೆಗೆಯಬೇಕು. ಗಾಜನ್ನು ಒರೆಸಬಹುದು. ಕಲ್ಲಿಗೆ ಕೊಳೆ ಹೆಚ್ಚಾದರೆ ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲಿಯೇ ಒಂದೆರಡನ್ನು ಅಲುಬಿ ಹಿಂದಕ್ಕೆ ಇಡಬೇಕು. ಕೊಳಾಯಿಯ ಕೆಳಗೆ ಎಂದಿಗೂ ಹಿಡಿಯಕೂಡದು.

ಮೂರನೆಯದಾಗಿ ದೀಪ. ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಕಿಟಕಿಯ ಬಿಸಿಲು ನೇರವಾಗಿ ಬೀಳದಿರಲಿ. ನಾಲ್ಕನೆಯದಾಗಿ ಆಹಾರ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಮಕ್ಕಳು, ಅತಿಥಿಗಳು, ಎಲ್ಲರೂ ಪ್ರೀತಿಯಿಂದ ಚಿಟಿಕೆಚಿಟಿಕೆ ಹಾಕಿದರೆ ಅದು ಮೀನಿನ ಹೊಟ್ಟೆಗಲ್ಲ, ಪಾಚಿಯ ಹೊಟ್ಟೆಗೆ. ಐದನೆಯದಾಗಿ, ನೀರು ಎಲ್ಲ ಮೂಲೆಗಳಲ್ಲಿಯೂ ಚಲಿಸುವಂತೆ ಪಂಪನ್ನು ತಿರುಗಿಸಿಡುವುದು. ಕೆಂಪು ಲೋಳೆಗೆ ಇದೇ ಮೊದಲ ಮದ್ದು. ಆರನೆಯದಾಗಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆ ಪಾಚಿ ತಿನ್ನುವ ಕಡಲ ಬಸವನಹುಳುಗಳನ್ನು ನಾಲ್ಕಾರು ಬಿಡಬಹುದು. ಪಾಚಿ ಬರುವ ಮೊದಲೇ ಬಿಟ್ಟರೆ ಅವು ಹಸಿದು ಸಾಯುತ್ತವೆ.

ಇನ್ನು ಮಾಡಬಾರದ್ದು. ಮೈಲುತುತ್ತವನ್ನು ತೋಟಕ್ಕೆ ಬಳಸುವವರು ತೊಟ್ಟಿಗೂ ಒಂದು ಹರಳು ಸಾಕೆಂದು ಹೇಳುವುದುಂಟು. ತಾಮ್ರದ ಅಂಶವು ಪಾಚಿಯನ್ನು ಕೊಲ್ಲುವುದು ದಿಟವೇ. ಬಸವನಹುಳು, ಸೀಗಡಿ ಮೊದಲಾದವನ್ನೂ ಕೊಲ್ಲುತ್ತದೆ, ಕಲ್ಲಿನಲ್ಲಿ ಸೇರಿಕೊಂಡು ಬಹುದಿನ ಉಳಿಯುತ್ತದೆ. ಸಾಬೂನು, ಚೆಲುವೆ ಪುಡಿಗಳ ಮಾತೇ ಬೇಡ. ಪಾಚಿನಾಶಕವೆಂದು ಮಾರುವ ಶೀಶೆಗಳು ಕಾರಣವನ್ನು ಮುಟ್ಟುವುದಿಲ್ಲ. ಒಮ್ಮೆಲೇ ಸತ್ತ ಪಾಚಿಯು ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ. ನೈಟ್ರೇಟ್, ಫಾಸ್ಫೇಟ್‌ಗಳನ್ನು ಕಡಮೆಮಾಡಬೇಕೆಂಬುದು ಸರಿ, ಆದರೆ ಪೂರ್ತಿ ಸೊನ್ನೆಗೆ ಇಳಿಸುವ ಹಟವೂ ಬೇಡ. ಬೇರೆ ಯಾವುದೂ ಬೆಳೆಯದ ಅಂತಹ ಬರಡುನೀರಿನಲ್ಲಿಯೇ ಆ ನಾಲ್ಕನೆಯ ಶತ್ರುವು ತಲೆಯೆತ್ತುವುದು.

ಮತ್ತೊಂದು ಮಾತನ್ನು ಗೃಹಸ್ಥರು ಮರೆಯಬಾರದು. ಕಡಲ ಹವಳಗಳನ್ನೂ ಕಡಲಕುದುರೆಯನ್ನೂ ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ 2001ರಲ್ಲಿ ಸೇರಿಸಲಾಯಿತು. ಅಲಂಕಾರಕ್ಕೆಂದು ಅವನ್ನು ಕೊಳ್ಳುವುದು ಅಪರಾಧ. ಮನುಷ್ಯರು ಮಾಡಿದ ರಂಧ್ರಗಳುಳ್ಳ ಕಲ್ಲುಗಳೇ ತೊಟ್ಟಿಗೆ ಸಾಕು. ಕೋಡಂಗಿ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ್ದಾರೆ. ಹಾಗೆ ಸಾಕಿದ ಮರಿಗಳನ್ನೇ ಕೇಳಿ ಕೊಳ್ಳುವುದು ಧರ್ಮ.

ಪಾಂಡವಪುರದ ತೊಟ್ಟಿಯ ಕಥೆ ಮುಗಿಯಬೇಕಲ್ಲವೆ? ರಾಳದ ಕೊಳವೆ ಬಂದು ಮೂರು ವಾರಗಳಲ್ಲಿ ಕಂದು ತೆಳುವಾಯಿತು. ಐದನೆಯ ವಾರಕ್ಕೆ ಕಾಣದಾಯಿತು. ಅನಂತರ ಗಾಜಿನ ಮೇಲೆ ಹಸುರು ಪೊರೆ ಬಂತು, ಬಸವನಹುಳುಗಳು ಅದನ್ನು ಸಾಲುಸಾಲಾಗಿ ಮೇಯ್ದುವು. ಆಷಾಢದಲ್ಲಿ ಕಲ್ಲಿನ ಮೇಲೆ ಕುಂಕುಮದ ಚುಕ್ಕೆಯಷ್ಟು ಗುಲಾಬಿಬಣ್ಣದ ಗಟ್ಟಿಯಾದ ಮಚ್ಚೆಗಳು ಮೂಡಿದುವು. ಅದೂ ಒಂದು ಪಾಚಿಯೇ. ಸುಣ್ಣವನ್ನು ಹೀರಿ ಕಲ್ಲಿನಂತೆ ಬೆಳೆಯುವ ಜಾತಿ. ತೊಟ್ಟಿಯು ನೆಲೆಗೊಂಡಿತೆಂಬುದಕ್ಕೆ ಅದನ್ನು ಶುಭಚಿಹ್ನೆಯಾಗಿ ಎಣಿಸುತ್ತಾರೆ. ನನ್ನ ಮಗಳು ಈಗ ಬಂದವರನ್ನು ತಾನೇ ಕರೆದು ತೋರಿಸುತ್ತಾಳೆ.

ಹೊಸ ಕೆರೆ ತುಂಬಿದ ವರ್ಷವನ್ನು ಹಳ್ಳಿಯವರು ಬಲ್ಲರು. ಮೊದಲು ಕೆಂಪು ರಾಡಿ, ಆಮೇಲೆ ಹಸುರು, ಎಷ್ಟೋ ಕಾಲದ ಮೇಲೆ ತಿಳಿ. ನಮ್ಮ ತೊಣ್ಣೂರು ಕೆರೆಯ ತಿಳಿನೀರನ್ನು ಕಂಡು ಅದಕ್ಕೆ ಮೋತಿ ತಲಾಬು, ಎಂದರೆ ಮುತ್ತಿನ ಕೆರೆ, ಎಂದು ಹೆಸರಿಟ್ಟರು; ಅದನ್ನು ಯಾರೂ ತಿಕ್ಕಿ ತೊಳೆದಿರಲಿಲ್ಲ.

ಆದುದರಿಂದ, ಕೃಷ್ಣರಾಜಪೇಟೆಯ ಸೋದರಿಯವರೇ, ನೀರನ್ನು ಚೆಲ್ಲಬೇಡಿ. ಇಂದು ಸಂಜೆ ಮಗನನ್ನು ಕೂರಿಸಿಕೊಂಡು ಶೀಶೆಯ ಪರೀಕ್ಷೆ ಮಾಡಿ. ನಾಳೆ ನಿಮ್ಮ ಯಂತ್ರದ ನೀರನ್ನು ಮಾಪಕದಿಂದ ಅಳೆಯಿರಿ. ಅಳತೆಯನ್ನೂ ದಿನಾಂಕವನ್ನೂ ಅವನ ಕೈಯಲ್ಲಿಯೇ ಪುಸ್ತಕದಲ್ಲಿ ಬರೆಯಿಸಿ. ಎರಡು ತಿಂಗಳ ಮೇಲೆ ಏನಾಯಿತೆಂಬುದನ್ನು ನಮಗೆ ತಿಳಿಸಿದರೆ ಉಪಕಾರವಾಗುತ್ತದೆ. ನನ್ನ ಮೊಮ್ಮಗನು ಉಳಿದ ಮೀನಿಗೆ ಜೊತೆಯಾಗಿ ಮತ್ತೊಂದನ್ನು ಶ್ರಾವಣದಲ್ಲಿ ತಂದನು. ತರುವ ಮುಂಚೆ, “ತಾತ, ಈಗ ಬಿಡಬಹುದೇ?” ಎಂದು ನನ್ನನ್ನೇ ಕೇಳಿದನು. “ಪರೀಕ್ಷೆಯ ಅಂಕ ಏನು ಹೇಳುತ್ತದೆ, ಮಗು?” ಎಂದು ನಾನು ಅವನನ್ನೇ ಕೇಳಿದೆನು.